ಮನೆ-ಮಕ್ಕಳಿರುವವರಿಗೂ ಹೊಂದುವಂತೆ ಪಾಳಿ ಪಟ್ಟಿ ಹಾಕುವುದು ಹೇಗೆ

ಮಗುವನ್ನು ಶಾಲೆಗೆ ಬಿಡಬೇಕಾದವರಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ನಾಳೆ ಯಾವ ಪಾಳಿ ಎಂಬ ಖಾತ್ರಿ ಸಂಬಳದಷ್ಟೇ ಮುಖ್ಯ. ರಾತ್ರಿ ಫೋನ್ ಮಾಡಿ ‘ಬೆಳಿಗ್ಗೆ ಬಂದುಬಿಡಿ’ ಅನ್ನುವ ಕಡೆ ಬೇರೆ ಏನು ಸೌಲಭ್ಯ ಕೊಟ್ಟರೂ ಸಂಸಾರ ತೂಗಿಸುವುದು ಕಷ್ಟ. ಸುಧಾರಣೆಯನ್ನು ಪಾಳಿ ಪಟ್ಟಿಯಿಂದಲೇ ಶುರುಮಾಡಿ.

ಕಳೆದ 12 ವಾರಗಳ ಪಾಳಿ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ತಾಳೆಯಾಗದ ಕಡೆಯಲ್ಲೆಲ್ಲ ಕೆಂಪು ಗುರುತು ಹಾಕಿ, ಯಾರ ಹೆಸರಿನ ಮುಂದೆ ಎಷ್ಟು ಬಿದ್ದಿವೆ ಎಣಿಸಿ. ‘ಆಗಲ್ಲ’ ಎನ್ನಲು ಹೆದರುವ ಹೊಸಬರ, ಗುತ್ತಿಗೆಯವರ ಸಾಲಿನಲ್ಲಿ ಗುರುತು ಹೆಚ್ಚಿದ್ದರೆ ಅನ್ಯಾಯ ಎಲ್ಲಿದೆ ಎಂಬುದು ಅಲ್ಲೇ ಕಾಣುತ್ತದೆ.

ಮುಂದಿನದು ಆಳಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ದಿನಕ್ಕೆ 3 ಪಾಳಿ, ಪಾಳಿಗೆ 4 ಜನ ಎಂದಿಟ್ಟುಕೊಳ್ಳಿ. ವರ್ಷಕ್ಕೆ 4,380 ಪಾಳಿ ತುಂಬಬೇಕು. ವಾರಕ್ಕೊಂದು ರಜೆ ಕಳೆದರೆ ಒಬ್ಬರಿಗೆ 313 ದಿನ ಸಿಗುತ್ತದೆ. ಭಾಗಿಸಿದರೆ 14 ಜನ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಜ್ವರ, ಹಬ್ಬ, ಮನೆಯ ಕೆಲಸ ಎಂದು ಒಬ್ಬೊಬ್ಬರೂ ವರ್ಷಕ್ಕೆ 30 ದಿನ ರಜೆ ಹಾಕಿದರೆ ಉಳಿಯುವುದು 283 ದಿನ; ಆಗ ಬೇಕಾಗುವುದು 16 ಜನ. 14 ಜನರಲ್ಲೇ ನಡೆಸಿದರೆ ಒಬ್ಬರ ರಜೆ ಇನ್ನೊಬ್ಬರ ವಾರದ ರಜೆಯನ್ನು ನುಂಗುತ್ತದೆ. ರಾತ್ರಿಯ ಫೋನ್ ಕರೆಗಳು ಹುಟ್ಟುವುದು ಈ ಕೊರತೆಯಿಂದ. ಮೇಲ್ವಿಚಾರಕರನ್ನು ಬದಲಿಸಿದರೆ ಅವು ನಿಲ್ಲುವುದಿಲ್ಲ.

ಇನ್ನು ವಿಶ್ರಾಂತಿ. ರಾತ್ರಿ 10ಕ್ಕೆ ಪಾಳಿ ಮುಗಿಸಿದವರನ್ನು ಬೆಳಿಗ್ಗೆ 6ಕ್ಕೆ ಕರೆಸಿದರೆ ನಡುವೆ ಇರುವುದು 8 ಗಂಟೆ. ಹೋಗಿ ಬರಲು 2 ಗಂಟೆ, ಊಟ-ಸ್ನಾನಕ್ಕೆ 1 ಗಂಟೆ ತೆಗೆದರೆ ನಿದ್ದೆಗೆ 5 ಗಂಟೆಯೂ ದಕ್ಕುವುದು ಅನುಮಾನ. ಐರೋಪ್ಯ ಒಕ್ಕೂಟದ ನಿಯಮ ದಿನಕ್ಕೆ ಸತತ 11 ಗಂಟೆ ಬಿಡುವು ಕೇಳುತ್ತದೆ. ನಿಮ್ಮಲ್ಲೂ ಅದನ್ನೇ ಕನಿಷ್ಠ ಮಾಡಿಕೊಳ್ಳಿ. ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೇ ಸರಿಯಲಿ, ಹಿಂದಕ್ಕೆ ಬೇಡ.

ರಾತ್ರಿ ಪಾಳಿಯ ಮರುದಿನವನ್ನು ವಾರದ ರಜೆ ಎಂದು ತೋರಿಸುವ ರೂಢಿ ಹಲವು ಕಡೆ ಇದೆ. ಭಾನುವಾರ ಬೆಳಿಗ್ಗೆ 6ಕ್ಕೆ ಬಿಟ್ಟು ಸೋಮವಾರ ಬೆಳಿಗ್ಗೆ 6ಕ್ಕೆ ಕರೆದರೆ 24 ಗಂಟೆ ಆಯಿತು, ನಿಜ. ಆದರೆ ಹಗಲೆಲ್ಲ ನಿದ್ದೆಗೆ ಹೋಗುತ್ತದೆ. ಮಕ್ಕಳು ಮನೆಯಲ್ಲಿರುವ ಒಂದೇ ದಿನ ಅವರನ್ನು ‘ಶ್, ಸದ್ದು ಮಾಡಬೇಡಿ’ ಎಂದು ಗದರಿಸುವುದರಲ್ಲೇ ಕಳೆಯುತ್ತದೆ. ಸೋಮವಾರ ಪೂರ್ತಿ ಬಿಡುವು ಕೊಟ್ಟು ಮಂಗಳವಾರ ಕರೆಯಿರಿ. ಅಷ್ಟು ಜನಬಲವಿಲ್ಲದಿದ್ದರೆ ಸೋಮವಾರ ಮಧ್ಯಾಹ್ನ 2ರ ಪಾಳಿಯಾದರೂ ಇರಲಿ.

ಪಟ್ಟಿಯನ್ನು 14 ದಿನ ಮೊದಲೇ ಗೋಡೆಗೂ ಹಚ್ಚಿ, ಫೋನಿಗೂ ಕಳಿಸಿ. ಪಾಳಿಗೆ 48 ಗಂಟೆಯೊಳಗೆ ಬದಲಾವಣೆಯಾದರೆ ಹೆಚ್ಚುವರಿ ಹಣ ಕೊಡಬೇಕೆಂದು ಬರೆದಿಡಿ. ಬದಲಿಸಲು ಖರ್ಚಾಗುತ್ತದೆ ಎಂದಾಗ ಯೋಜನೆ ತಾನಾಗಿ ಬಿಗಿಯಾಗುತ್ತದೆ. ಕೆಲಸಗಾರರು ತಮ್ಮತಮ್ಮಲ್ಲೇ ಪಾಳಿ ಅದಲುಬದಲು ಮಾಡಿಕೊಳ್ಳಲಿ, ಆದರೆ ಇಬ್ಬರ ಸಹಿಯೂ ಪುಸ್ತಕದಲ್ಲಿರಬೇಕು, 11 ಗಂಟೆಯ ಬಿಡುವು ಮುರಿಯಬಾರದು.

ಅರ್ಧ ದಿನಕ್ಕಿಂತ ಸಣ್ಣ ರಜೆಗೂ ದಾರಿಯಿರಲಿ. ಲಸಿಕೆ ಹಾಕಿಸಲು 2 ಗಂಟೆ ಸಾಕಾದವರು ಇಡೀ ದಿನದ ಸಂಬಳ ಕಳೆದುಕೊಳ್ಳುವುದು ಯಾರಿಗೂ ಲಾಭವಲ್ಲ. ಈ ಸೌಲಭ್ಯ ಗಂಡಸರಿಗೂ ಸಿಗಲೇಬೇಕು. ಹೆಂಗಸರಿಗಷ್ಟೇ ಎಂದರೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಹಿಂದೇಟು ಶುರುವಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 156ನೇ ಒಡಂಬಡಿಕೆ ಕುಟುಂಬದ ಹೊಣೆಯುಳ್ಳ ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೇ ಹೆಸರಿಸುತ್ತದೆ.

ಹಾಲೂಡಿಸುವ ತಾಯಂದಿರಿಗೆ ಒಳಗಿನಿಂದ ಚಿಲಕವಿರುವ ಕೋಣೆ, ಒರಗುವ ಕುರ್ಚಿ, ಪ್ಲಗ್ ಪಾಯಿಂಟ್, ಕೈತೊಳೆಯಲು ನೀರು, ಹಾಲಿಡಲು ಸಣ್ಣ ಫ್ರಿಜ್ ಬೇಕು. ಶೌಚಾಲಯವನ್ನು ತೋರಿಸಬೇಡಿ. ಆ ಸಮಯಕ್ಕೆ ಅವರ ಜಾಗದಲ್ಲಿ ನಿಲ್ಲುವವರ ಹೆಸರು ಪಟ್ಟಿಯಲ್ಲೇ ಇರಲಿ. ಇಲ್ಲದಿದ್ದರೆ ಕೋಣೆ ಖಾಲಿ ಬಿದ್ದಿರುತ್ತದೆ.

12 ವಾರ ಕಳೆದ ಮೇಲೆ ಮತ್ತೆ ಅದೇ ಕೆಂಪು ಪೆನ್ನು ಹಿಡಿದು ಕೂರಿ. ಒಟ್ಟು ಗುರುತು ಇಳಿದರೂ ಒಂದಿಬ್ಬರ ಹೆಸರಿನ ಮುಂದೆ ಹಾಗೇ ಉಳಿದಿದ್ದರೆ, ಅವರನ್ನು ಕರೆದು ಕೇಳಿ.