ಅಡಿಟಿಪ್ಪಣಿಯಿಂದ ಪೂರ್ಣ ಪಠ್ಯದವರೆಗೆ: ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನಾನು ಹುಡುಕುವ ಕ್ರಮ

ಹುಡುಕಾಟದ ಪೆಟ್ಟಿಗೆಯಲ್ಲಿ ಏನನ್ನಾದರೂ ಟೈಪ್ ಮಾಡುವ ಮೊದಲು ನಾನು ಅಡಿಟಿಪ್ಪಣಿಯನ್ನು ಒಂದು ಹಾಳೆಯ ಮೇಲೆ ಬಿಡಿಸಿ ಬರೆದುಕೊಳ್ಳುತ್ತೇನೆ: ಲೇಖಕರು, ಬರಹದ ಹೆಸರು, ಆ ಬರಹ ಅಚ್ಚಾದ ಪತ್ರಿಕೆ ಅಥವಾ ಪುಸ್ತಕದ ಹೆಸರು, ಸಂಪುಟ, ಸಂಚಿಕೆ, ಇಸವಿ, ಪುಟ. ಇದಕ್ಕೆ ಎರಡು ನಿಮಿಷ ಸಾಕು. ಈ ಕೆಲಸ ಬಿಟ್ಟವರೇ ಹೆಚ್ಚಾಗಿ ‘ನಮ್ಮ ಲೈಬ್ರರಿಯಲ್ಲಿ ಇಲ್ಲ’ ಎಂದು ವಾಪಸಾಗುತ್ತಾರೆ. ಲೈಬ್ರರಿಯ ಕ್ಯಾಟಲಾಗಿಗೆ, ಅಂದರೆ ಓಪ್ಯಾಕ್‌ಗೆ, ಗೊತ್ತಿರುವುದು ಪುಸ್ತಕದ ಹೆಸರು, ಪತ್ರಿಕೆಯ ಹೆಸರು ಅಷ್ಟೆ. ಒಳಗಿನ ಲೇಖನದ ಹೆಸರು ಅದಕ್ಕೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಸಂಪಾದಿತ ಗ್ರಂಥದ ಒಂದು ಅಧ್ಯಾಯ ಬೇಕಿದ್ದರೆ ಗ್ರಂಥದ ಹೆಸರು ಅಥವಾ ಸಂಪಾದಕರ ಹೆಸರು ಕೊಟ್ಟು ಹುಡುಕಬೇಕು. ಅಧ್ಯಾಯ ಬರೆದವರ ಹೆಸರು ಕೊಟ್ಟರೆ ಸೊನ್ನೆ ಬರುತ್ತದೆ.

ಶಾಸನ, ಇತಿಹಾಸದ ಕಡೆಯ ಅಡಿಟಿಪ್ಪಣಿಗಳಲ್ಲಿ ಸಂಕ್ಷೇಪಗಳ ಕಾಟ ಬೇರೆ. ‘ಐ.ಎ. 12’ ಎಂದಿದ್ದರೆ ಅದು ಇಂಡಿಯನ್ ಆಂಟಿಕ್ವೆರಿಯ 12ನೇ ಸಂಪುಟ. ಆ ಪತ್ರಿಕೆ 1872ರಲ್ಲಿ ಶುರುವಾಗಿ ವರ್ಷಕ್ಕೊಂದು ಸಂಪುಟದಂತೆ ಬಂದಿತು. ಹಾಗಾಗಿ ಸಂಪುಟದ ಸಂಖ್ಯೆಗೆ 1871 ಕೂಡಿಸಿದರೆ ಇಸವಿ ಸಿಗುತ್ತದೆ. 12ನೇ ಸಂಪುಟ ಅಂದರೆ 1883. ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಪ್ರಕಟಿಸಿದ ಹಳಗನ್ನಡ ಶಾಸನಗಳ ಸರಣಿಯನ್ನು ಹುಡುಕುವಾಗ ಈ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ‘ಇ.ಐ.’, ಅಂದರೆ ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಪ್ರಕಟಣೆಯ ವಿಷಯದಲ್ಲಿ ಇದು ನಡೆಯದು, ಅಲ್ಲಿ ಒಂದು ಸಂಪುಟ ಎರಡು ವರ್ಷಗಳಿಗೂ ಚಾಚಿಕೊಂಡಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ‘ಇ.ಸಿ.’ ವಿಷಯದಲ್ಲಿ. ಅದು ಎಪಿಗ್ರಾಫಿಯಾ ಕರ್ನಾಟಿಕಾ, ಕರ್ನಾಟಕದ ಶಾಸನಗಳ ಸಂಪುಟ ಸರಣಿ. ಅದಕ್ಕೆ ಎರಡು ಆವೃತ್ತಿಗಳಿವೆ: ಬಿ.ಎಲ್. ರೈಸ್ ಅವರ ಮೂಲ ಸಂಪುಟಗಳು ಮತ್ತು 1972ರಿಂದ ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳು. ಎರಡರ ಸಂಪುಟ ಸಂಖ್ಯೆ ಹೊಂದುವುದಿಲ್ಲ. ರೈಸ್ ಅವರ 5ನೇ ಸಂಪುಟ ಹಾಸನ ಜಿಲ್ಲೆಯದು, 1902ರದು. ಪರಿಷ್ಕೃತ ಆವೃತ್ತಿಯ 5ನೇ ಸಂಪುಟ ತೆಗೆದರೆ ಮೈಸೂರು ಜಿಲ್ಲೆಯ ಶಾಸನಗಳು ಎದುರಾಗುತ್ತವೆ. ಶಾಸನ ಸಂಖ್ಯೆಗಳೂ ಬೇರೆ ಬೇರೆ. ಆದ್ದರಿಂದ ಸಂಪುಟ ಸಂಖ್ಯೆಯೊಂದನ್ನೇ ನಂಬದೆ, ತಾಲ್ಲೂಕಿನ ಹೆಸರನ್ನೂ ಅಡಿಟಿಪ್ಪಣಿ ಬರೆದವರು ಯಾವ ಆವೃತ್ತಿ ಬಳಸಿದ್ದಾರೆ ಎಂಬುದನ್ನೂ ಮೊದಲು ಖಚಿತ ಮಾಡಿಕೊಳ್ಳುತ್ತೇನೆ. ಅವರ ಗ್ರಂಥಸೂಚಿಯಲ್ಲಿ ಪ್ರಕಟಣೆಯ ಇಸವಿ ಇದ್ದೇ ಇರುತ್ತದೆ.

ಹೊಸ ಲೇಖನಗಳ ದಾರಿ ಬೇರೆ. ಅಡಿಟಿಪ್ಪಣಿಯಲ್ಲಿ 10 ಮತ್ತು ಚುಕ್ಕಿಯಿಂದ ಶುರುವಾಗುವ ಡಿಒಐ, ಅಂದರೆ ಲೇಖನದ ಶಾಶ್ವತ ಗುರುತು ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಡಿಒಐ ಡಾಟ್ ಆರ್ಗ್ ವಿಳಾಸದ ಮುಂದೆ ಓರೆಗೆರೆ ಹಾಕಿ ಆ ಸಂಖ್ಯೆಯನ್ನು ಅಂಟಿಸಿದರೆ ಪ್ರಕಾಶಕರ ಪುಟ ತೆರೆಯುತ್ತದೆ. ಅಂಟಿಸುವಾಗ ಕೊನೆಯ ಪೂರ್ಣವಿರಾಮವೂ ಜೊತೆಗೆ ಬಂದುಬಿಟ್ಟರೆ ‘ಸಿಗಲಿಲ್ಲ’ ಎಂದು ತೋರಿಸುತ್ತದೆ, ಅದನ್ನು ಅಳಿಸಿ ನೋಡಿ.

ಆ ಪುಟ ಹಣ ಕೇಳಿದ ಕೂಡಲೇ ಮುಚ್ಚಬೇಡಿ. ಕ್ಯಾಂಪಸ್‌ನಲ್ಲಿ ಪ್ರಕಾಶಕರು ನಿಮ್ಮನ್ನು ಗುರುತಿಸುವುದು ವಿಶ್ವವಿದ್ಯಾಲಯದ ಐಪಿ ವಿಳಾಸದಿಂದ, ಅಂದರೆ ಅಲ್ಲಿನ ಇಂಟರ್‌ನೆಟ್ ಸಂಪರ್ಕದ ಸಂಖ್ಯೆಯಿಂದ. ನಾನು ನೋಡಿದ ಹಾಗೆ ಬಾಗಿಲು ತೆರೆಯದಿರಲು ಕಾರಣಗಳು ಕೆಲವೇ. ಫೋನು ವೈಫೈಗೆ ಸೇರಿದ್ದರೂ ಸಿಗ್ನಲ್ ಕ್ಷೀಣಿಸಿದಾಗ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿರುತ್ತದೆ. ಡೇಟಾ ಆಫ್ ಮಾಡಿ ಪುಟವನ್ನು ಮತ್ತೆ ತೆರೆಯಬೇಕು. ಖಾಸಗಿ ವಿಪಿಎನ್ ಆನ್ ಇದ್ದರೆ ನೀವು ಬೇರೆ ಯಾವುದೋ ದೇಶದಲ್ಲಿ ಇದ್ದಂತೆ ಕಾಣುತ್ತೀರಿ. ಗೆಳೆಯರು ಕಳಿಸಿದ ಲಿಂಕಿನ ತಲೆಗೆ ಅವರ ವಿಶ್ವವಿದ್ಯಾಲಯದ ಪ್ರಾಕ್ಸಿ ವಿಳಾಸ ಅಂಟಿಕೊಂಡಿದ್ದರೆ ಅದು ನಿಮ್ಮ ಲಾಗಿನ್ ಒಪ್ಪುವುದಿಲ್ಲ. ಡಿಒಐ ತೆಗೆದುಕೊಂಡು ಹೊಸದಾಗಿ ಹೋಗುವುದೇ ಸುಲಭ.

ಮನೆಯಿಂದ ಹುಡುಕುವವರಿಗೆ ಯುಜಿಸಿಯ ಲೈಬ್ರರಿ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಎಂಬ ವ್ಯವಸ್ಥೆ ಇದೆ. ನಿಮ್ಮ ವಿಶ್ವವಿದ್ಯಾಲಯ ಅದರ ಸದಸ್ಯನಾಗಿದ್ದರೆ ಲೈಬ್ರರಿ ನಿಮಗೊಂದು ಐಡಿ ಮತ್ತು ಪಾಸ್‌ವರ್ಡ್ ಕೊಡುತ್ತದೆ. ಪ್ರಕಾಶಕರ ಪುಟದಲ್ಲಿ ಸಂಸ್ಥೆಯ ಮೂಲಕ ಒಳಹೋಗುವ ಕೊಂಡಿ ಒತ್ತಿ, ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯವನ್ನು ಆರಿಸಿ, ಆ ಐಡಿಯನ್ನು ಅಲ್ಲಿ ಕೊಡಬೇಕು. ಪ್ರಕಾಶಕರ ಪುಟದಲ್ಲೇ ನೀವು ಸ್ವಂತವಾಗಿ ತೆರೆದುಕೊಂಡ ಖಾತೆಯ ಪಾಸ್‌ವರ್ಡ್ ಇದಲ್ಲ. ಎರಡನ್ನೂ ಒಂದೇ ಎಂದುಕೊಂಡು ಗಂಟೆಗಟ್ಟಲೆ ಒದ್ದಾಡುವವರು ಬಹಳ.

ನಿಮ್ಮ ಸಂಸ್ಥೆಗೆ ಏನೇನು ಬರುತ್ತದೆ ಎಂಬುದೂ ತಿಳಿದಿರಬೇಕು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿಯಿಂದ ಜಾರಿಯಾಗಿದೆ: 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಇದು ಅನ್ವಯ. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಗೂ ಐಐಟಿಯವರಿಗೆ ಸಿಗುವ ಪತ್ರಿಕೆಗಳೇ ಸಿಗುತ್ತವೆ ಎಂಬುದು ಸಣ್ಣ ಮಾತಲ್ಲ. ಆದರೆ ಇದು ಪತ್ರಿಕೆಗಳ ಯೋಜನೆ. ಇ-ಪುಸ್ತಕಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಪುಸ್ತಕಗಳಿಗೆ ಲೈಬ್ರರಿ ಪ್ರತ್ಯೇಕವಾಗಿ ಕೊಂಡ ಪಟ್ಟಿಯನ್ನು ನೋಡಬೇಕು. ಕಾಲೇಜಿನವರು, ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಬಗ್ಗೆ ತಮ್ಮ ಲೈಬ್ರರಿಯನ್ನು ಕೇಳಲಿ, ಅದರ ಲಾಗಿನ್ ಒಬ್ಬೊಬ್ಬ ಓದುಗರ ಹೆಸರಿನಲ್ಲೇ ಬರುತ್ತದೆ.

ಪತ್ರಿಕೆ ಪಟ್ಟಿಯಲ್ಲಿದ್ದರೂ ಬೇಕಾದ ವರ್ಷ ಇಲ್ಲದಿರಬಹುದು. ಪತ್ರಿಕೆಗಳ ಹಳೆಯ ಸಂಚಿಕೆಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಹಲವು ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಇರುವುದಿಲ್ಲ. ಪ್ರಕಾಶಕರ ಪುಟದಲ್ಲಿ ಇದರ ತದ್ವಿರುದ್ಧ, ಹೊಸದು ಇದ್ದು ಹಳೆಯದಕ್ಕೆ ಬೀಗ. ಹಾಗಾಗಿ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಲೇಬೇಕು. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ ಸಾರಾಂಶ ಮಾತ್ರ ಕಂಡು ನಿರಾಶರಾಗುವವರೂ ಇದ್ದಾರೆ. ಅವು ಇರುವುದೇ ಸೂಚಿ ಕೊಡಲು.

ಗೂಗಲ್ ಸ್ಕಾಲರ್ ಬಳಸುವವರು ಸೆಟ್ಟಿಂಗ್ಸ್‌ನೊಳಗಿನ ಲೈಬ್ರರಿ ಕೊಂಡಿಗಳ ಜಾಗದಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಸೇರಿಸಿಕೊಳ್ಳಬಹುದು, ಐದರವರೆಗೆ ಅವಕಾಶವಿದೆ. ಪ್ರತಿ ಫಲಿತಾಂಶದ ಕೆಳಗೆ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿ ಇರುತ್ತದೆ. ಲೇಖಕರೇ ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಟ್ಟ ಪ್ರತಿ ಅಲ್ಲಿ ಅಡಗಿರುವುದುಂಟು. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಉಚಿತ ಸೇರ್ಪಡೆ ಹಾಕಿಕೊಂಡರೆ ನ್ಯಾಯವಾಗಿ ಉಚಿತವಿರುವ ಪ್ರತಿ ಇದ್ದಾಗ ಬದಿಯಲ್ಲಿ ಹಸಿರು ಬೀಗದ ಗುರುತು ಮೂಡುತ್ತದೆ.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ. ಇಲ್ಲಿ ಹುಡುಕು ಪದಕ್ಕಿಂತ ವಿಶ್ವವಿದ್ಯಾಲಯ, ಆಮೇಲೆ ವಿಭಾಗ ಎಂಬ ಕ್ರಮದಲ್ಲಿ ಇಳಿಯುವುದು ನನಗೆ ಹಿಡಿಸಿದ ದಾರಿ. ಕನ್ನಡ ಪ್ರಬಂಧಗಳ ಹೆಸರನ್ನು ಕೆಲವರು ಕನ್ನಡ ಲಿಪಿಯಲ್ಲಿ, ಕೆಲವರು ರೋಮನ್ ಲಿಪಿಯಲ್ಲಿ ತಮಗೆ ತೋಚಿದ ಕಾಗುಣಿತದಲ್ಲಿ ದಾಖಲಿಸಿದ್ದಾರೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಅಥವಾ ಬರೀ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಯುನಿಕೋಡ್ ಕನ್ನಡದ ಪದ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಪ್ರಬಂಧವನ್ನು ಅಧ್ಯಾಯವಾರು ಕಡತಗಳಾಗಿ ಇಟ್ಟಿರುತ್ತಾರೆ. ನಾನು ಮೊದಲು ಇಳಿಸಿಕೊಳ್ಳುವುದು ಕೊನೆಯಲ್ಲಿರುವ ಗ್ರಂಥಸೂಚಿಯನ್ನು. ನಿಮ್ಮ ವಿಷಯದ ಮೇಲೆ ಒಬ್ಬರು ವರ್ಷಗಟ್ಟಲೆ ಹುಡುಕಿ ಸೇರಿಸಿದ ಪಟ್ಟಿ ಅದು, ಅದಕ್ಕೆ ಬೆಲೆ ಕಟ್ಟಲಾಗದು.

ಹಳೆಯ ಕನ್ನಡ ಪುಸ್ತಕಗಳದು ಇನ್ನೊಂದು ಲೋಕ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಪುಸ್ತಕಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಎಷ್ಟೋ ಕಡೆ ಗುರುತು ಸಿಗದ ಹಾಗೆ ಟೈಪ್ ಮಾಡಿದ್ದಾರೆ. ಅದಕ್ಕೇ ಭಾಷೆ ಕನ್ನಡ ಎಂದು ಸೋಸಿ, ಇಸವಿ ಕೊಟ್ಟು, ಲೇಖಕರ ಹೆಸರಿನ ಒಂದು ತುಣುಕು ಮಾತ್ರ ಹಾಕಿ ನೋಡಬೇಕು. ಇದಕ್ಕೂ ಮೊದಲು ಸಂಚಯ ಎಂಬ ತಂಡದವರ ‘ಪುಸ್ತಕ ಸಂಚಯ’ ಜಾಲತಾಣದಲ್ಲಿ ಕನ್ನಡ ಲಿಪಿಯಲ್ಲೇ ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ಪುಸ್ತಕಗಳ ಹೆಸರುಗಳನ್ನು ಅಲ್ಲಿ ಕನ್ನಡಕ್ಕೆ ತಂದಿದ್ದಾರೆ; ಇದು ಕನ್ನಡ ಸಂಶೋಧಕರಿಗೆ ಆಗಿರುವ ದೊಡ್ಡ ಉಪಕಾರ. ಇಳಿಸಿಕೊಂಡ ಮೇಲೆ ಪುಟಗಳನ್ನು ಎಣಿಸಿ ನೋಡಿ. ಹಾಳೆ ಬಿಟ್ಟುಹೋಗಿರುವುದು, ಒಂದೇ ಪುಟ ಎರಡು ಸಲ ಬಂದಿರುವುದು ಇದೆ. ಉಲ್ಲೇಖಿಸಬೇಕಾದದ್ದು ಪುಸ್ತಕದಲ್ಲಿ ಅಚ್ಚಾದ ಪುಟಸಂಖ್ಯೆಯನ್ನೇ, ಪಿಡಿಎಫ್ ತೋರಿಸುವ ಸಂಖ್ಯೆಯನ್ನಲ್ಲ. ನಮ್ಮ ಕಾನೂನಿನಲ್ಲಿ ಗ್ರಂಥಸ್ವಾಮ್ಯ ಲೇಖಕರ ನಿಧನದ ಮರುವರ್ಷದಿಂದ 60 ವರ್ಷ. 1965ರಲ್ಲಿ ತೀರಿಕೊಂಡ ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2026ರ ಜನವರಿ 1ರಿಂದ ಮುಕ್ತ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇರುವ ಕನ್ನಡಿಗರು ಗಮನಿಸಬೇಕಾದ ಒಂದು ವಿಷಯವಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿಯ ಮೂಲಕ ಅಲ್ಲಿನ ಲೈಬ್ರರಿಗಳಿಗೆ 1960ರ ದಶಕದಿಂದ ಕನ್ನಡ ಪುಸ್ತಕಗಳು ಹೋಗಿವೆ. ಆದರೆ ಕ್ಯಾಟಲಾಗಿನ ರೋಮನ್ ಕಾಗುಣಿತ ನಾವು ಮೊಬೈಲ್‌ನಲ್ಲಿ ಬರೆಯುವ ಥರದ್ದಲ್ಲ. ‘ಚ’ಕಾರಕ್ಕೆ ಸಿ ಮಾತ್ರ, ಎಚ್ ಇಲ್ಲ. ‘ಶ’ ಮತ್ತು ‘ಷ’ ಎರಡಕ್ಕೂ ಗುರುತು ಹಚ್ಚಿದ ಎಸ್. ಹುಡುಕುವಾಗ ಬರೀ ಎಸ್ ಸಾಕು. ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಬರೆಯಬಾರದು. ‘ವಚನ’, ‘ಶಾಸನ’ ಎಂಬ ಪದಗಳನ್ನು ಹೀಗೆ ತಿದ್ದಿ ಬರೆದ ಕೂಡಲೇ ಇಲ್ಲವೆಂದುಕೊಂಡ ಪುಸ್ತಕಗಳು ಸಾಲಾಗಿ ಬರುತ್ತವೆ. ನಮ್ಮ ಕಡೆಯ ಓಪ್ಯಾಕ್‌ಗಳಲ್ಲಿ ಎಚ್ ಸೇರಿಸಿದ ರೂಪವೇ ಹೆಚ್ಚು, ಹಾಗಾಗಿ ಇಲ್ಲಿ ಎರಡನ್ನೂ ಕೊಟ್ಟು ನೋಡುತ್ತೇನೆ, ಕನ್ನಡ ಲಿಪಿಯಲ್ಲಿ ಮೂರನೇ ಸಲ. ಕಪಾಟಿನ ಮುಂದೆ ನಿಂತು ಹುಡುಕುವುದಾದರೆ ವಿಷಯವಾರು ಪುಸ್ತಕ ಜೋಡಿಸುವ ಡ್ಯೂಯಿ ಕ್ರಮದಲ್ಲಿ ಕನ್ನಡ ಭಾಷೆ 494.814, ಕನ್ನಡ ಸಾಹಿತ್ಯ 894.814.

ಒಂದು ಎಚ್ಚರಿಕೆ. ಪತ್ರಿಕೆಯ ಸಂಚಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಇಳಿಸಿಕೊಳ್ಳಬೇಡಿ, ಅದಕ್ಕಾಗಿ ತಂತ್ರಾಂಶವನ್ನಂತೂ ಬಳಸಲೇಬೇಡಿ. ಪ್ರಕಾಶಕರ ಯಂತ್ರ ಇದನ್ನು ಹಿಡಿದ ಕ್ಷಣ ಇಡೀ ಕ್ಯಾಂಪಸ್‌ನ ಐಪಿ ವಿಳಾಸಕ್ಕೇ ತಡೆ ಹಾಕುತ್ತದೆ. ಒಬ್ಬರ ಅವಸರಕ್ಕೆ ಉಳಿದವರೆಲ್ಲರ ಓದು ನಿಲ್ಲುತ್ತದೆ.

ಇಷ್ಟೆಲ್ಲ ಆದಮೇಲೂ ಸಿಗದಿದ್ದರೆ ಇನ್‌ಫ್ಲಿಬ್‌ನೆಟ್‌ನ ಒಟ್ಟು ಕ್ಯಾಟಲಾಗಾದ ಇಂಡ್‌ಕ್ಯಾಟ್‌ನಲ್ಲಿ ಯಾವ ವಿಶ್ವವಿದ್ಯಾಲಯದಲ್ಲಿ ಪ್ರತಿ ಇದೆ ಎಂದು ನೋಡಿ, ಆ ವಿವರದೊಂದಿಗೆ ನಿಮ್ಮ ಗ್ರಂಥಪಾಲಕರ ಬಳಿ ಹೋಗಿ. ನಿಮ್ಮ ಲೈಬ್ರರಿ ಡೆಲ್‌ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯನಾಗಿದ್ದರೆ ಅವರ ಮೂಲಕ ಪುಸ್ತಕವನ್ನು ಎರವಲು, ಲೇಖನದ ಪ್ರತಿಯನ್ನು ಬೇರೆ ಲೈಬ್ರರಿಯಿಂದ ತರಿಸಿಕೊಳ್ಳಬಹುದು. ‘ಇಂಥ ವಿಷಯದ ಮೇಲೆ ಏನಾದರೂ ಇದೆಯಾ ಸಾರ್’ ಎಂದು ಕೇಳಿದರೆ ಅವರಿಗೂ ದಾರಿ ಕಾಣದು. ಮೊದಲು ಬಿಡಿಸಿ ಬರೆದುಕೊಂಡ ಆ ಹಾಳೆಯನ್ನೇ ಅವರ ಕೈಗೆ ಕೊಡಿ. ಅದರ ಕೆಳಗೆ ಈಗಾಗಲೇ ಎಲ್ಲೆಲ್ಲಿ ಹುಡುಕಿದ್ದೀರಿ, ಯಾವ ತಾರೀಖಿನೊಳಗೆ ಬೇಕು, ಇಡೀ ಪುಸ್ತಕ ಬೇಕೋ ಎಷ್ಟರಿಂದ ಎಷ್ಟು ಪುಟ ಸಾಕೋ ಎಂಬುದನ್ನೂ ಬರೆದಿರಿ.