ವೀರಗಲ್ಲಿನ ಪಕ್ಕದಲ್ಲೊಂದು ಫಲಕ

ರಸ್ತೆ ಬದಿಯಲ್ಲಿ ಚರಿತ್ರೆಯ ಫಲಕ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಇಂಥವನು ಇಂಥದ್ದಕ್ಕಾಗಿ ಹೋರಾಡಿ ಸತ್ತ ಎಂದು ಕಲ್ಲಿನಲ್ಲಿ ಬರೆಸಿ, ಜನ ಓಡಾಡುವ ಕಡೆ ನೆಟ್ಟು, ಊರಿನವರು ಸಾವಿರ ವರ್ಷದ ಹಿಂದೆಯೇ ಆ ಕೆಲಸ ಮುಗಿಸಿದ್ದಾರೆ. ಅದನ್ನು ಈಗಿನವರು ಓದಲಾರರು, ಅಷ್ಟೇ. ಕಲ್ಲು ಹೇಳುವುದನ್ನು ಇಂದಿನ ಕನ್ನಡಕ್ಕೆ ತಂದು ಪಕ್ಕದಲ್ಲೊಂದು ಫಲಕ ನಿಲ್ಲಿಸುವುದು ನಾನು ಹಚ್ಚಿಕೊಂಡಿರುವ ಕೆಲಸ. ಕನ್ನಡ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರ ಅಂಟಿದ ಗೀಳು. ಕಲ್ಲು ಹೇಳಿದ್ದಕ್ಕಿಂತ ಒಂದಕ್ಷರವೂ ಹೆಚ್ಚು ಬರೆಯಬಾರದು ಎಂಬುದು ನನ್ನ ಹಟ. ಜಗಳಗಳೆಲ್ಲ ಹುಟ್ಟುವುದು ಈ ಹಟದಿಂದಲೇ.

ಕಲ್ಲು ಕಂಡ ಕೂಡಲೇ ಓದಲು ಕೂರುವುದಿಲ್ಲ. ಮೊದಲು ನಮ್ಮ ಕಡೆಯ ಶಾಸನಗಳನ್ನು ಅಚ್ಚುಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೆರೆಯುತ್ತೇನೆ. ಬಿ. ಎಲ್. ರೈಸ್ 1886ರಿಂದ ಆರಂಭಿಸಿ ಹೊರತಂದ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಯದು ಒಂಬತ್ತನೆಯದು, 1905ರದು. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ಊರಿನ ಯಾವ ದಿಕ್ಕಿಗಿದೆ, ಯಾರ ಹೊಲದಲ್ಲಿದೆ ಎಂಬ ಗುರುತು ಸಿಗುತ್ತವೆ. ಆ ಹೊಲ ಇಂದು ಬಡಾವಣೆಯಾಗಿರುತ್ತದೆ, ಕಲ್ಲು ಬಸ್ ತಂಗುದಾಣದ ಗೋಡೆಗೆ ಒರಗಿರುತ್ತದೆ. ಬೆಂಗಳೂರು ಸುತ್ತಮುತ್ತಲಿನದಾದರೆ ಅಲ್ಲಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಮಾಡಿರುವ ಮೂರು ಆಯಾಮದ ಸ್ಕ್ಯಾನ್‌ಗಳನ್ನೂ ನೋಡುತ್ತೇನೆ. ಎಲ್ಲಿಯೂ ಸಿಗದ ಕಲ್ಲುಗಳೂ ಇವೆ. ಈಗ ಹೇಳಹೊರಟಿರುವುದು ಅಂಥದ್ದೊಂದರ ವಿಷಯ. ಕೋಲಾರದ ಕಡೆಯ ಹಳ್ಳಿಯೊಂದರ ತಿರುವಿನಲ್ಲಿ, ಅರ್ಧ ಮಣ್ಣಿನಲ್ಲಿ ಹೂತಿದ್ದ ಕಲ್ಲು.

ಅದರ ಮೈಮೇಲೆ ತಲೆಮಾರುಗಳ ಎಣ್ಣೆ, ಅರಿಶಿನ, ಸುಣ್ಣ. ತೊಳೆಯುವ ಮುಂಚೆ ಪೂಜೆ ಮಾಡುವವರ ಅಪ್ಪಣೆ ಬೇಕು. ದಿನಾ ಹೂವಿಡುತ್ತಿದ್ದ ಅಜ್ಜಿ, "ಸ್ವಾಮಿಗೆ ಸ್ನಾನ ತಾನೇ ಮೇಷ್ಟ್ರೇ, ಮಾಡಿಸಿ. ಆದರೆ ಉಜ್ಜುವಾಗ ನೋವಾಗಬಾರದು" ಎಂದರು. ಶಿಲೆಯ ಆರೈಕೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ಯಾರೂ ಕೊಟ್ಟಿಲ್ಲ. ಬರೀ ನೀರು, ತೆಂಗಿನ ನಾರಿನ ಕುಂಚ, ಬೇಕಾದಷ್ಟು ಹೊತ್ತು. ತಂತಿ ಬ್ರಷ್ ಮತ್ತು ಆಸಿಡ್ ಹತ್ತಿರ ಸುಳಿಯಕೂಡದು. ಇವಕ್ಕಿಂತ ಕೆಟ್ಟದ್ದು ಭಕ್ತಿಯಿಂದ ಬಳಿದ ಬೆಳ್ಳಿ ಬಣ್ಣದ ಪೇಂಟು. ಅಂಥ ಕಲ್ಲನ್ನು ನಾನು ಮುಟ್ಟುವುದಿಲ್ಲ. ಶಿಲೆಯ ಸಂರಕ್ಷಣೆ ಬಲ್ಲವರಿಗೆ ಬಿಡುತ್ತೇನೆ.

ಓದಲು ಹಗಲಿನ ನಡುಬಿಸಿಲು ಪ್ರಯೋಜನಕ್ಕೆ ಬಾರದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಬೆಳಕನ್ನು ಓರೆಯಾಗಿ ಹರಿಸಬೇಕು. ಹಗಲು ಬರೀ ತರಿತರಿಯಾಗಿದ್ದ ಮೈಮೇಲೆ ಪ್ರತಿ ಗೀರೂ ನೆರಳು ಪಡೆದು ಅಕ್ಷರವಾಗುತ್ತದೆ. ಆ ರಾತ್ರಿ ಟಾರ್ಚ್ ಹಿಡಿದವನು ಹತ್ತನೇ ತರಗತಿಯ ಹುಡುಗ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲೆಳೆದ ವೀರ, ಅವನ ತೊಡೆಗೆ ನಾಟಿದ ಬಾಣ, ಬೆನ್ನ ಹಿಂದೆ ಒತ್ತೊತ್ತಾಗಿ ನಿಂತ ದನಗಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಪಟ್ಟಿಯಲ್ಲಿ ಬರಹ: "ತುಱುವಂ ಮಗುಳ್ಚಿ" ಎಂಬಷ್ಟು ಸ್ಪಷ್ಟ. ಅಂದರೆ ಕಳ್ಳರು ಅಟ್ಟಿಕೊಂಡು ಹೋಗುತ್ತಿದ್ದ ದನಗಳನ್ನು ಮರಳಿಸಿ ಸತ್ತಿದ್ದಾನೆ. ಹೆಸರಿನಲ್ಲಿ ಉಳಿದಿರುವುದು ಕೊನೆಯ "ಮಯ್ಯ" ಮಾತ್ರ, ಮೊದಲ ಭಾಗ ಚಕ್ಕೆಯೆದ್ದು ಹೋಗಿದೆ.

ಕಾಲ ಹೇಳುವುದು ಕಷ್ಟದ ಕೆಲಸ. ಶಕವರ್ಷವಿದ್ದರೆ 78 ಕೂಡಿಸಿದರಾಯಿತು ಎನ್ನುತ್ತಾರೆ, ಅದೂ ಅಷ್ಟು ಸಲೀಸಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಅದು ಮುಗಿದ ವರ್ಷದ್ದಲ್ಲ, ನಡೆಯುತ್ತಿರುವ ವರ್ಷದ ಲೆಕ್ಕವಾದ್ದರಿಂದ 78ರ ಬದಲು 77 ಕೂಡಿಸಬೇಕು, ಕ್ರಿ.ಶ. 949–50 ಆಗುತ್ತದೆ. ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತದ್ದನ್ನು ಹೇಳುವ ಕಲ್ಲು ಅದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಬರುತ್ತದೆ. ನಮ್ಮ ಕಲ್ಲಿನಲ್ಲಿ ಅದೂ ಇಲ್ಲ, ರಾಜನ ಹೆಸರೂ ಇಲ್ಲ. ಲಿಪಿ ಬಲ್ಲ ಇಬ್ಬರಿಗೆ ಬೇರೆ ಬೇರೆಯಾಗಿ ಚಿತ್ರ ಕಳಿಸಿದೆ. ಇಬ್ಬರೂ ಹತ್ತನೇ ಶತಮಾನದ ಆಸುಪಾಸು ಎಂದಮೇಲೆ ಅಷ್ಟನ್ನೇ ಬರೆದೆ.

ಫಲಕದ ಒಕ್ಕಣೆ ಎಂಟು ಸಾಲು ಮೀರಬಾರದು. ಗಾಡಿ ನಿಲ್ಲಿಸಿದವನು ಹೆಲ್ಮೆಟ್ ತೆಗೆಯದೆ ಓದುವಷ್ಟು. ತಗಡಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದು ಬಿಸಿಲಿಗೆ ಬೇಗ ಬೆಳ್ಳಗಾಗುತ್ತದೆ. ಕರಿ ಗ್ರಾನೈಟಿನಲ್ಲಿ ಅಕ್ಷರ ಕೊರೆಸುವುದೇ ಲೇಸು. ಮೂಲ ಕಲ್ಲಿನ ಬುಡದಲ್ಲಿ ಅಗೆಯದೆ, ನಾಲ್ಕಾರು ಅಡಿ ದೂರದಲ್ಲಿ, ಅದಕ್ಕಿಂತ ತಗ್ಗಾಗಿ ನಿಲ್ಲಿಸಬೇಕು. ರಸ್ತೆಯ ಅಂಚಾದ್ದರಿಂದ ಪಂಚಾಯಿತಿಯ ಒಪ್ಪಿಗೆಯ ಜೊತೆಗೆ ರಸ್ತೆ ಇಲಾಖೆಯ ಒಪ್ಪಿಗೆಯೂ ಬೇಕು. ಕೊನೆಯ ಸಾಲಾಗಿ ನಾನು ತಪ್ಪದೆ ಹಾಕಿಸುವುದು: "ಇದು ಸ್ಮಾರಕ. ಇದರ ಕೆಳಗೆ ನಿಧಿಯಿಲ್ಲ." ನಗಬೇಡಿ, ನಿಧಿಯ ಆಸೆಗೆ ಒಡೆದ ಕಲ್ಲುಗಳನ್ನು ನೋಡಿದ್ದೇನೆ.

ಒಕ್ಕಣೆಯನ್ನು ಊರಿನವರ ಮುಂದೆ ಓದಿದಾಗ ಶುರುವಾಯಿತು ರಗಳೆ. "ಹೊಯ್ಸಳರ ಸೇನಾಪತಿ ಎಂದು ಹಾಕಿ ಸಾರ್, ತೂಕ ಬರುತ್ತದೆ" ಎಂದರೊಬ್ಬರು. ದನ ಕಾಯಲು ಸತ್ತವನು ಎಂಬುದು ಅವರಿಗೆ ಸಣ್ಣದಾಗಿ ಕಂಡಿತ್ತು. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಕತೆ ಹೇಳಿದೆ. ಗಂಗರ ಅರಸ ಶ್ರೀಪುರುಷನ ಕಾಲದಲ್ಲಿ, ಎಂಟನೇ ಶತಮಾನದ ನಡುವೆ, ಊರಿನ ಮೇಲೆ ಬಿದ್ದವರನ್ನು ಎದುರಿಸಿ ಸತ್ತವನು. ಅವನ ಕಲ್ಲು 2018ರಲ್ಲಿ ನೆಲ ಅಗೆಯುವಾಗ ಸಿಕ್ಕಿತು, ಸೇನಾಪತಿ ಎಂಬ ಬಿರುದಿಲ್ಲದೆಯೂ ಜನ ಅದನ್ನು ಉಳಿಸಿಕೊಂಡರು. ಇವರು ಅರೆಮನಸ್ಸಿನಿಂದ ಒಪ್ಪಿದರು.

ಮುಂದಿನದು ಇನ್ನೂ ನಾಜೂಕು. ಎರಡು ಕುಲದವರು ವೀರ ನಮ್ಮವನು ಎಂದರು, ಒಬ್ಬರು ಕಾಗದವನ್ನೂ ಬರೆದು ತಂದಿದ್ದರು. ಕಲ್ಲು ಕುಲ ಹೇಳಿದ್ದರೆ ದೊಡ್ಡ ಅಕ್ಷರದಲ್ಲೇ ಹಾಕಿಸುತ್ತಿದ್ದೆ, ಹೇಳಿಲ್ಲ ಎಂದೆ. ಕೊನೆಗೆ ಮೊದಲ ಸಾಲು ಹೀಗೆ ನಿಂತಿತು: "…ಮಯ್ಯ ಎಂಬ ವೀರ. ಹೆಸರಿನ ಮೊದಲ ಭಾಗ ಅಳಿಸಿಹೋಗಿದೆ." ಆ ಮೂರು ಚುಕ್ಕಿಗಳನ್ನು ಕೊರೆಯುವಾಗ ಗ್ರಾನೈಟ್ ಅಂಗಡಿಯವರು ಮತ್ತೆ ಮತ್ತೆ ಫೋನ್ ಮಾಡಿ ಕೇಳಿದರು: "ಸಾರ್, ಇದು ಬೇಕೇ ಬೇಕೇ?" ಬೇಕೇ ಬೇಕು ಎಂದೆ.