ಏರುವ ಬದಿಗೆ ಮಾತ್ರ ಪಟ್ಟೆ

ಮಗಳು ಎಂಟನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಮೊಣಕಾಲು ತರಚಿಕೊಂಡು ಮನೆಗೆ ಬಂದಳು. ಏರಿನಲ್ಲಿ ಸೈಕಲ್ ತುಳಿಯುತ್ತಿದ್ದಾಗ ಹಿಂದಿನಿಂದ ಕಾರು ಬಂದು ಹಾರ್ನ್ ಹಾಕಿದೆ. ಇವಳು ಅಂಚಿಗೆ ಸರಿದಿದ್ದಾಳೆ. ಅಂಚಿನಲ್ಲಿ ಗಟಾರದ ಚಪ್ಪಡಿ, ಎರಡು ಚಪ್ಪಡಿಗಳ ನಡುವೆ ಮೂರು ಬೆರಳಿನ ಸಂದು. ಮುಂದಿನ ಗಾಲಿ ಅದರೊಳಗೆ ಇಳಿದಿದೆ. ಕಾರಿನವರು ನಿಲ್ಲಿಸಿ ನೀರು ಕೊಟ್ಟರಂತೆ, ಪಾಪ. ತಪ್ಪು ಅವರದ್ದು ಅಂತ ನನಗೂ ಅನಿಸಲಿಲ್ಲ.

ನಮ್ಮದು ಶಿರಸಿಯ ಹೊರವಲಯದ ಬಡಾವಣೆ. ಶಿರಸಿ ನೋಡಿದವರಿಗೆ ಗೊತ್ತು, ಇಲ್ಲಿ ಯಾವ ಬಡಾವಣೆಗೆ ಹೋದರೂ ಒಂದು ಏರು ಕಾಯುತ್ತಿರುತ್ತದೆ. ನಮ್ಮ ರಸ್ತೆ ಮುಖ್ಯ ರಸ್ತೆಯಿಂದ ತಿರುಗಿ ಮುನ್ನೂರು ಮೀಟರ್ ಏರಿ, ನೀರಿನ ಟಾಕಿಯ ಹತ್ತಿರ ಇನ್ನೊಂದು ರಸ್ತೆಗೆ ಸೇರುತ್ತದೆ. ಹಾಗಾಗಿ ಪೇಟೆಯ ಗದ್ದಲ ಬೇಡ ಅನ್ನುವವರೆಲ್ಲ ಇದೇ ದಾರಿ ಹಿಡಿಯುತ್ತಾರೆ. ಮಾರಿಕಾಂಬಾ ಜಾತ್ರೆಯ ವರ್ಷ ಬಂತೆಂದರೆ ಕೇಳುವುದೇ ಬೇಡ.

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಮನೆ ಪ್ಲಾನ್ ಹಾಕಿ, ಅಂದಾಜು ಪಟ್ಟಿ ಬರೆದು ಜೀವನ ಮಾಡುತ್ತೇನೆ. ಮಗಳ ಮೊಣಕಾಲಿಗೆ ಅರಿಶಿನ ಹಚ್ಚಿದ ರಾತ್ರಿಯೇ ಕಂಪ್ಯೂಟರ್ ಮುಂದೆ ಕೂತು ಎರಡೂ ಬದಿಗೆ ಸೈಕಲ್ ಪಥ ಬರೆದೆ. ಹಸಿರು ಬಣ್ಣ, ನಡುವೆ ಕಂಬ, ಚೆಂದದ ಬಾಣದ ಗುರುತು. ದೇಶದ ರಸ್ತೆಗಳಿಗೆ ಅಳತೆ, ನಿಯಮ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಕ್ಕೆ ಮಾರ್ಗಸೂಚಿ ಮಾಡಿ, 2015ರಲ್ಲಿ ತಿದ್ದಿದೆ. ಪಥ ಕನಿಷ್ಠ ಎರಡು ಮೀಟರ್ ಅಗಲ ಇರಬೇಕು ಎಂಬ ಲೆಕ್ಕ ಅದರದ್ದು. ನಾನೂ ಅಷ್ಟೇ ಇಟ್ಟೆ.

ಆ ಭಾನುವಾರ ನಮ್ಮ ಪಕ್ಕದ ಮನೆಯ ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದರು. ಚಹ ಬರುವ ಮೊದಲೇ ನನ್ನ ನಕ್ಷೆ ಬಿದ್ದುಹೋಯಿತು. ಬೀಳಿಸಿದವರು ನಿವೃತ್ತ ಗಣಿತದ ಮಾಸ್ತರು. "ಡಾಂಬರು ಎಷ್ಟು ಅಗಲ ಇದ್ದು ತಮಾ?" ಅಂದರು. ಆರೂವರೆ ಮೀಟರ್ ಅಂದೆ. "ಎರಡು, ಎರಡು, ನಾಲ್ಕು ಹೋತು. ಉಳಿದ ಎರಡೂವರೆಯಲ್ಲಿ ಗ್ಯಾಸಿನ ಲಾರಿ ಬಂದ್ರೆ ಎದುರಿನ ಕಾರು ಆಕಾಶಕ್ಕೆ ಹೋಗವಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಒಬ್ಬ ಹುಡುಗ ಮೊಬೈಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಸೈಕಲ್ ದಾರಿಗಳ ವಿಡಿಯೊ ತೋರಿಸಿದ. ಆ ದೇಶವೂ ಹುಟ್ಟುವಾಗಲೇ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ನಾನೂರಕ್ಕೂ ಜಾಸ್ತಿ ಮಕ್ಕಳು ಸತ್ತಿದ್ದರು. ತಂದೆ ತಾಯಿಯರು ಬೀದಿಗಿಳಿದು ಕೂಗಿದ ಮೇಲೆ ರಸ್ತೆಗಳು ಬದಲಾದವು. ಇದು ಒಳ್ಳೆಯ ಪಾಠವೇ. ಆದರೆ ಅಲ್ಲಿನ ನೆಲ ಹಪ್ಪಳದ ಹಾಗೆ ಚಪ್ಪಟೆ. ನಮ್ಮದು ಘಟ್ಟದ ಮೇಲಿನ ಊರು. ಈ ವ್ಯತ್ಯಾಸವೇ ಮುಂದೆ ಮುಖ್ಯವಾಯಿತು, ಆಗ ನನಗೆ ಹೊಳೆದಿರಲಿಲ್ಲ.

ಉಳಿದವರ ಬೇಡಿಕೆ ಒಂದೇ: "ನಾಕು ಹಂಪ್ ಹಾಕ್ಸಿ, ಮುಗೀತು." ನಮ್ಮಲ್ಲಿ ಹಂಪ್ ಅಂದರೆ ಒಂದು ಬುಟ್ಟಿ ಜಲ್ಲಿ, ಒಂದು ಡಬ್ಬ ಡಾಂಬರು, ಮರುದಿನ ಬೆಳಿಗ್ಗೆ ರಸ್ತೆಗೆ ಅಡ್ಡ ಮಲಗಿದ ಹೆಬ್ಬಾವು. ನಿಯಮದ ಹಂಪ್ ಬೇರೆಯೇ. 17 ಮೀಟರ್ ತ್ರಿಜ್ಯದ ಬಾಗು, 3.7 ಮೀಟರ್ ಉದ್ದ, ನಡುವೆ ಹತ್ತೇ ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಹೋದವನಿಗೆ ಸೊಂಟ ಉಳಿಯುತ್ತದೆ, 50ರಲ್ಲಿ ಹೋದವನಿಗೆ ಬುದ್ಧಿ ಬರುತ್ತದೆ. ಹೆಬ್ಬಾವಿನ ತರದ್ದು ಹಾಕಿದರೆ ಬೈಕಿನವರು ಅದರ ತುದಿಯ ಸಂದಿನಲ್ಲಿ, ಅಂದರೆ ಗಟಾರದ ಬದಿಯಲ್ಲೇ ನುಸುಳುತ್ತಾರೆ. ಸೈಕಲ್ ಮಕ್ಕಳು ಇರುವುದೂ ಅಲ್ಲೇ.

ಜಗಳ ಬಗೆಹರಿಯಲಿಲ್ಲ. ಮಾಸ್ತರು "ಮೊದಲು ಅಳೆದು ಬಾ" ಅಂದರು.

ಅಳೆಯಲು ದುಡ್ಡು ಬೇಕಾಗಿಲ್ಲ. ಟೇಪು ಹಿಡಿದು ರಸ್ತೆ ಬದಿಯಲ್ಲಿ ಸರಿಯಾಗಿ 50 ಮೀಟರ್ ಗುರುತು ಮಾಡಿದೆ. ಒಂದು ತುದಿಯಲ್ಲಿ ವಿದ್ಯುತ್ ಕಂಬ, ಇನ್ನೊಂದರಲ್ಲಿ ಒಂದು ಗೇಟು. ಮಾಸ್ತರ ಜಗುಲಿಯಲ್ಲಿ ಕೂತು ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು, ಅಷ್ಟೇ. ಆರು ಸೆಕೆಂಡಿನಲ್ಲಿ ದಾಟಿದರೆ 30 ಕಿಲೋಮೀಟರ್ ವೇಗ. ನಾಲ್ಕೂವರೆ ಸೆಕೆಂಡ್ ಅಂದರೆ 40. ಮೂರು ಪಾಯಿಂಟ್ ಆರು ಅಂದರೆ 50. ಕಾಣುವ ಹಾಗೆ ನಿಲ್ಲಬೇಡಿ, ನಿಮ್ಮನ್ನು ನೋಡಿದರೆ ಜನ ನಿಧಾನ ಮಾಡುತ್ತಾರೆ. ಬೆಳಿಗ್ಗೆ ಶಾಲೆ ಹೊತ್ತಿಗೆ ಮತ್ತು ಸಂಜೆ ಒಂದು ವಾರ ಕೂತೆ. ಮಾಸ್ತರಿಗೆ ಇದು ಕ್ರಿಕೆಟ್‌ಗಿಂತ ರುಚಿಸಿತು. "ನಾಕು ಪಾಯಿಂಟ್ ಒಂದು! ಯಾರದು ಅವನು?" ಅಂತ ಕೂಗುತ್ತಿದ್ದರು.

ನಮ್ಮ ಕಣ್ಣು ಹೇಳಿದ್ದಕ್ಕೂ ಗಡಿಯಾರ ಹೇಳಿದ್ದಕ್ಕೂ ತಾಳೆ ಆಗಲಿಲ್ಲ. ಹದಿಹರೆಯದ ಬೈಕ್ ಹುಡುಗರೇ ಎಲ್ಲಕ್ಕೂ ಕಾರಣ ಅಂದುಕೊಂಡಿದ್ದೆವು. ಅವರ ಸೈಲೆನ್ಸರ್ ಸದ್ದು ಜಾಸ್ತಿ, ಹಾಗಾಗಿ ಓಟವೂ ಜಾಸ್ತಿ ಅಂತ ಅನಿಸುತ್ತದೆ. ನಿಜವಾಗಿ 40 ದಾಟುತ್ತಿದ್ದವರಲ್ಲಿ ಸದ್ದಿಲ್ಲದ ಕಾರುಗಳೇ ಬಹಳ, ಅದರಲ್ಲೂ ಇಳಿಯುವಾಗ. ಅವುಗಳಲ್ಲಿ ಕೆಲವು ನಮ್ಮವೇ. ಒಂದು ದಿನ ನನ್ನ ಹೆಂಡತಿಯ ಸ್ಕೂಟರ್ ಕೂಡ ಪಟ್ಟಿಗೆ ಬಂತು. ಅದನ್ನು ಸಭೆಯಲ್ಲಿ ಹೇಳಲಿಲ್ಲ.

ವೇಗದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಲೆಕ್ಕ ಇದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ. ಮಾಸ್ತರು ಅದನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಗೋಡೆಗೆ ಅಂಟಿಸಿದರು. ಈಗಲೂ ಇದೆ.

ಆದರೆ ದೊಡ್ಡ ವಿಷಯ ಕಂಡಿದ್ದು ಕಾರುಗಳಲ್ಲಿ ಅಲ್ಲ, ಸೈಕಲ್‌ಗಳಲ್ಲಿ. ಏರುವ ಮಕ್ಕಳು ನಡೆಯುವವರಿಗಿಂತ ಸ್ವಲ್ಪವೇ ಜೋರು. ಬೆನ್ನಿಗೆ ಪುಸ್ತಕದ ಚೀಲ, ಸೀಟಿನಿಂದ ಎದ್ದು ತುಳಿಯುತ್ತಾರೆ, ಹಾವಿನ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತಾರೆ. ನಿಧಾನವಾದಷ್ಟೂ ಸೈಕಲ್‌ಗೆ ಜಾಗ ಜಾಸ್ತಿ ಬೇಕು. ಅದೇ ಮಗು ಇಳಿಯುವಾಗ ಕಾರಿನ ಸಮಕ್ಕೆ ಇರುತ್ತದೆ. ನನ್ನ ಮಗಳು ಆ 50 ಮೀಟರನ್ನು ಆರೂವರೆ ಸೆಕೆಂಡಿನಲ್ಲಿ ದಾಟಿದಳು. ಎದೆ ಧಸಕ್ಕೆಂದಿತು. ನಕ್ಷೆ ತೋರಿಸಿ, ಇಳಿಯುವಾಗ ಈ ಹಸಿರು ಪಟ್ಟೆಯಲ್ಲೇ ಬರಬೇಕು ಅಂದರೆ ಹೇಗೆ ಅಂತ ಅವಳನ್ನೇ ಕೇಳಿದೆ.

"ಅಪ್ಪಾ, ಅಂಚಿಗೆ ಬಂದ್ರೆ ಯಾರಾದ್ರೂ ಗೇಟು ತೆಗೆದಾಗ ಸೀದಾ ಅವರ ಅಂಗಳಕ್ಕೇ ಹೋಗ್ತೆ ಅಷ್ಟೇ."

ಅದು ನಿಜ. ಇಳಿಯುವ ವೇಗದಲ್ಲಿ ಅಂಚು ಎಂದರೆ ಗೇಟಿನಿಂದ ಹಿಂದಕ್ಕೆ ಬರುವ ಕಾರು, ತೆರೆಯುವ ಕಾರಿನ ಬಾಗಿಲು, ಓಡಿಬರುವ ನಾಯಿ. ಮಳೆಗಾಲದಲ್ಲಿ ಹಾವಸೆ. ನಮ್ಮಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಅಂಚಿನ ಎರಡು ಅಡಿ ಹಸಿರುಗಟ್ಟಿ ಜಾರುತ್ತದೆ. ಮೇಲಿಂದ ಸೈಕಲ್ ರಿಪೇರಿ ಅಂಗಡಿಯ ಅಣ್ಣ ಇನ್ನೊಂದು ಮಾತು ಸೇರಿಸಿದರು. ಮಕ್ಕಳ ಸೈಕಲ್‌ಗಳಲ್ಲಿ ಬ್ರೇಕ್ ಕಟ್ಟೆ ರಿಮ್ಮನ್ನೇ ಹಿಡಿಯುತ್ತದೆ. ರಿಮ್ ಒದ್ದೆ ಆದರೆ ಮೊದಲ ಕೆಲವು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಆಮೇಲೆ ಹಿಡಿತ. 2006-07ರಲ್ಲಿ ಸರಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗಿನಿಂದ ಅವರು ಬದಲಾಯಿಸಿದ ಬ್ರೇಕ್ ಕಟ್ಟೆಗಳಿಗೆ ಲೆಕ್ಕವಿಲ್ಲ. ನನ್ನ ಪುಸ್ತಕದ ಓದಿಗಿಂತ ಅವರ ಮಾತಿಗೆ ತೂಕ ಜಾಸ್ತಿ.

ಹಾಗೆ ಹೊಸ ನಕ್ಷೆ ಹುಟ್ಟಿತು. ಏರುವ ಬದಿಗೆ ಮಾತ್ರ ಪಟ್ಟೆ. ಇಳಿಯುವ ಸೈಕಲ್ ರಸ್ತೆಯ ನಡುಭಾಗದಲ್ಲಿ ಕಾರಿನ ಸಾಲಿನಲ್ಲೇ ಬರಲಿ, ಕಾರೇ ಅದರ ಹಿಂದೆ ನಿಧಾನ ಬರಲಿ. ಕೇಳಲು ತಲೆಕೆಳಗಾದ ಹಾಗೆ ಇದೆ ಅಲ್ವಾ? ಸಭೆಯಲ್ಲೂ ಹಾಗೇ ಅಂದರು. "ಮಕ್ಕಳನ್ನ ರಸ್ತೆ ನಡುವೆ ಬಿಡ್ತ್ರಾ?" ಎಂದು ಒಬ್ಬ ಅಕ್ಕ ಎದ್ದೇ ನಿಂತರು. ಸಿಟ್ಟು ಸಹಜವೇ. ಅದಕ್ಕೆ ನಾನು ವಾದ ಮಾಡಲಿಲ್ಲ, ಒಂದು ದಿನ ಮಾಡಿ ನೋಡೋಣ ಅಂದೆ.

ರಸ್ತೆಯ ಮೇಲೆ ಸುಮ್ನೆ ಏನೂ ಇಡುವ ಹಾಗಿಲ್ಲ. ವಾರ್ಡಿನ ಸದಸ್ಯರ ಮೂಲಕ ಅರ್ಜಿ ಕೊಟ್ಟು, ಪೊಲೀಸರಿಗೂ ತಿಳಿಸಿ, ನವೆಂಬರ್‌ನ ಒಂದು ರಜೆ ದಿನಕ್ಕೆ ಒಪ್ಪಿಗೆ ಪಡೆದೆವು. ಮಳೆ ನಿಂತಿರಬೇಕು, ಅಡಿಕೆ ಕೊಯ್ಲು ಜೋರಾಗಿರಬಾರದು. ಕೊಯ್ಲು ಶುರುವಾದರೆ ಸಭೆಗೂ ಜನ ಸಿಗುವುದಿಲ್ಲ. ಸುಣ್ಣದ ಪುಡಿಯಲ್ಲಿ ಒಂದೂವರೆ ಮೀಟರ್ ಪಟ್ಟೆ ಎಳೆದೆವು. ಮಾರ್ಗಸೂಚಿಯ ಎರಡು ಮೀಟರ್ ಇಲ್ಲಿ ಸಿಗುವುದಿಲ್ಲ. ಸಿಕ್ಕಿದ್ದು ಇಷ್ಟು. ಕೆಳಗಿನ ತಿರುವಿನಲ್ಲಿ ಮರಳಿನ ಚೀಲ ಜೋಡಿಸಿ ಮೂಲೆಯನ್ನು ಬಿಗಿ ಮಾಡಿದೆವು.

ಪಟ್ಟೆಗಿಂತ ಈ ಮೂಲೆಯ ಕೆಲಸವೇ ಹೆಚ್ಚು ಫಲ ಕೊಟ್ಟಿತು. ಮುಖ್ಯ ರಸ್ತೆಯಿಂದ ನಮ್ಮ ರಸ್ತೆಗೆ ತಿರುಗುವ ಮೂಲೆ ಬಹಳ ಉರುಟಾಗಿ, ಅಗಲವಾಗಿ ಇತ್ತು. ಅಷ್ಟು ಸಲೀಸಾದ ಮೂಲೆ ಇದ್ದರೆ ಬ್ರೇಕ್ ಮುಟ್ಟದೆ ತಿರುಗಬಹುದು. ಅದೇ ವೇಗ ಏರಿನ ಬುಡಕ್ಕೂ ಬರುತ್ತದೆ. ಮೂಲೆ ಬಿಗಿಯಾದರೆ ಚಾಲಕ ಗೇರ್ ಇಳಿಸಲೇಬೇಕು. ಬೋರ್ಡು ಬೇಡ, ಬೈಗುಳ ಬೇಡ. ಗ್ಯಾಸಿನ ಲಾರಿಯವರನ್ನು ಕರೆಸಿ ತಿರುಗಿಸಿ ನೋಡಿದೆವು. ಮೊದಲ ಸಲ ಹಿಂದಿನ ಗಾಲಿ ಚೀಲದ ಮೇಲೆ ಹತ್ತಿತು. ಚೀಲಗಳನ್ನು ಒಂದು ಅಡಿ ಹಿಂದೆ ಸರಿಸಿದೆವು, ಸರಿಹೋಯಿತು. ನಕ್ಷೆಯಲ್ಲೇ ಬರೆದು ಕಾಂಕ್ರೀಟ್ ಹಾಕಿದ್ದರೆ ಆ ಒಂದು ಅಡಿಗೆ ವರ್ಷಗಟ್ಟಲೆ ಬೈಸಿಕೊಳ್ಳುತ್ತಿದ್ದೆ.

ಅದೇ ಸಂಜೆ ಮಾಸ್ತರು ಗಡಿಯಾರ ಹಿಡಿದರು. ಏರುವ ಕಾರುಗಳು ಬಹುಪಾಲು ಆರು ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಂಡವು, ಅಂದರೆ 30ಕ್ಕಿಂತ ನಿಧಾನ. ಇಳಿಯುವವು ಅಷ್ಟೇನೂ ಬದಲಾಗಲಿಲ್ಲ. ಎದ್ದು ನಿಂತಿದ್ದ ಅಕ್ಕ ಹೇಳಿದ್ದು ಅರ್ಧ ಸರಿ ಅಂತ ಆಗ ಗೊತ್ತಾಯಿತು. ಇಳಿಯುವ ಕಾರಿನ ವೇಗ ಇಳಿಸದೆ ಮಕ್ಕಳನ್ನು ನಡುವೆ ಬಿಡುವ ಹಾಗಿಲ್ಲ. ಹಾಗಾಗಿ ಅಂಗನವಾಡಿಯ ಎದುರು ಒಂದು, ಅದರ ಮೇಲೆ ಒಂದು, ನಿಯಮದ ಅಳತೆಯ ಹಂಪ್ ಸೇರಿಸಿದೆವು. ಹಂಪ್ ಕೇಳಿದವರೂ ಗೆದ್ದರು.

ಕೆಲಸ ಆಗಲು ಮತ್ತೊಂದು ವರ್ಷ ಹಿಡಿಯಿತು. ಆ ಕಥೆ ಎಲ್ಲ ಊರಿನದ್ದೂ ಒಂದೇ, ಬಿಡಿ. ನಾನು ಹಟ ಹಿಡಿದಿದ್ದು ಎರಡಕ್ಕೆ. ಏರುವ ಬದಿಯ ಚಪ್ಪಡಿಗಳ ಸಂದು ಮುಚ್ಚಬೇಕು. ನೀರು ಇಳಿಯುವ ಕಬ್ಬಿಣದ ಜಾಲರಿಗಳನ್ನು ತಿರುಗಿಸಿ ಹಾಕಬೇಕು. ಜಾಲರಿಯ ಸಲಾಕೆಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಗಾಲಿ ಸೀದಾ ಒಳಗೆ. ಅಡ್ಡ ಇದ್ದರೆ ಗಡಗಡ ಸದ್ದು, ಅಷ್ಟೇ. ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ, ಇಡುವಾಗ ತಿರುಗಿಸಿ ಇಟ್ಟರಾಯಿತು. ಗುತ್ತಿಗೆದಾರರ ಕಡೆಯ ಹುಡುಗರಿಗೆ ಕಾರಣ ಹೇಳಿದಾಗ ತಟ್ಟನೆ ಅರ್ಥವಾಯಿತು. ಅವರೂ ಸೈಕಲ್ ತುಳಿದವರೇ.

ಎಡವಿದ್ದೂ ಇದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥಕ್ಕೆ ನೆಟ್ಟ ಕಂಬಗಳು ಮುರಿದ ಸುದ್ದಿ ಓದಿದ್ದರೂ ನಾನು ಪ್ಲಾಸ್ಟಿಕ್ ಕಂಬ ಬೇಕೆಂದೆ. ಎರಡು ಕಂಬ ಮೊದಲ ತಿಂಗಳೇ ಶಾಲಾ ಬಸ್ಸಿನಡಿ ಹೋದವು. ಬಣ್ಣದ ವಿಷಯ ಇನ್ನೂ ಕೆಟ್ಟದು. ಪಟ್ಟೆಯ ಪೂರ್ತಿ ಅಗಲಕ್ಕೆ ನುಣ್ಣನೆಯ ಬಣ್ಣ ಬಳಿಸಿದೆ. ಮೊದಲ ಮಳೆಗೆ ಅದು ಎಣ್ಣೆ ಸವರಿದ ಕಾವಲಿ ಆಯಿತು. ಈಗ ಅಂಚಿನ ಬಿಳಿ ಗೆರೆ ಮತ್ತು ಅಲ್ಲಲ್ಲಿ ಸೈಕಲ್ ಚಿತ್ರ ಮಾತ್ರ ಉಳಿಸಿದ್ದೇವೆ, ಚಿತ್ರಕ್ಕೆ ಮರಳು ಬೆರೆಸಿದ ಬಣ್ಣ. ಪಟ್ಟೆಯ ಮೇಲೆ ಕಾರು ನಿಲ್ಲಿಸುವ ಒಂದು ಮನೆ ಇನ್ನೂ ಇದೆ. ಮನೆಗೆ ಎರಡು ಕಾರು, ಅಂಗಳ ಒಂದಕ್ಕೆ. ಅವರು ಮೊದಲ ಸಭೆಯಲ್ಲೇ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು, ನಾವೇ ಕೇಳಿಸಿಕೊಳ್ಳಲಿಲ್ಲ. ಇನ್ನು ಪಟ್ಟೆಯ ಬದಿಯ ಮನೆಗಳ ಮಕ್ಕಳು ಇಳಿಯುವಾಗಲೂ ಅದೇ ಪಟ್ಟೆಯಲ್ಲಿ ಉಲ್ಟಾ ಬರುತ್ತಾರೆ. ರಸ್ತೆ ದಾಟುವುದಕ್ಕಿಂತ ಅದು ಅವರಿಗೆ ಸುಲಭ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಗಳು ಈಗ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಸೈಕಲ್ ನಾನೇ ತುಳಿಯುತ್ತೇನೆ, ಟಾಕಿಯ ಹತ್ತಿರ ಬರುವಷ್ಟರಲ್ಲಿ ಏದುಸಿರು. ಹಾವಸೆ ತಿಕ್ಕುವ ಪಾಳಿ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಮನೆಗೆ ಒಬ್ಬರು, ಬ್ಲೀಚಿಂಗ್ ಪುಡಿ ಮತ್ತು ಹಿಡಿಕಡ್ಡಿ ಪೊರಕೆ ಅವರವರದ್ದೇ. ಹೋದ ಸಲ ಎರಡು ಕಾರಿನ ಮನೆಯವರೂ ಬಂದಿದ್ದರು. ತಮ್ಮ ಕಾರಿನ ಅಡಿ ಬಿಟ್ಟು ಉಳಿದಿದ್ದೆಲ್ಲ ತಿಕ್ಕಿದರು.